ಚಂದ್ರಕಲಂಕದ ಭಾರ

ಚಂದ್ರಬಿಂಬದಲ್ಲಿ ಕಾಣುವ ಕಪ್ಪುಗುರುತುಗಳನ್ನು ನೋಡಿ ಪೂರ್ವಿಕರು ಚಂದ್ರನನ್ನು ಶಶಾಂಕನೆಂದೂ ಮೃಗಾಂಕನೆಂದೂ ಕರೆದರು. ಮಕ್ಕಳು ಇಂದಿಗೂ ಅಲ್ಲಿ ಮೊಲವೊಂದನ್ನು ಕಾಣುತ್ತಾರೆ. ಕವಿಗಳು ಅದನ್ನು ಕಲಂಕವೆಂದು ಹೇಳಿ ಬಗೆಬಗೆಯ ಉಪಮೆಗಳಿಂದ ವರ್ಣಿಸಿದರು. 1609ರಲ್ಲಿ ಗೆಲಿಲಿಯೋ ತನ್ನ ದೂರದರ್ಶಕವನ್ನು ಚಂದ್ರನ ಕಡೆಗೆ ತಿರುಗಿಸಿ ಅಲ್ಲಿ ಬೆಟ್ಟಗಳೂ ಬಯಲುಗಳೂ ಇರುವುದನ್ನು ಕಂಡನು. 1651ರಲ್ಲಿ ರಿಚ್ಚಿಯೋಲಿ ಎಂಬ ಇಟಲಿ ದೇಶದ ಪಾದ್ರಿಯು ಆ ಕಪ್ಪು ಬಯಲುಗಳಿಗೆ ಸಮುದ್ರಗಳೆಂದು ಹೆಸರಿಟ್ಟನು. ಅವುಗಳಲ್ಲಿ ನೀರಿನ ಹನಿಯೂ ಇಲ್ಲವೆಂಬುದು ತರುವಾಯ ಸ್ಪಷ್ಟವಾಯಿತಾದರೂ ಮಳೆಯ ಕಡಲು, ನೆಮ್ಮದಿಯ ಕಡಲು, ಅಮೃತದ ಕಡಲು ಎಂಬರ್ಥದ ಆ ಹೆಸರುಗಳು ಹಾಗೆಯೇ ನಿಂತುವು. ಇಷ್ಟೆಲ್ಲ ತಿಳಿದಿದ್ದರೂ, ಈ ಕಲಂಕಗಳಲ್ಲಿ ಹಲವು ತಮ್ಮ ಸುತ್ತಲಿನ ನೆಲಕ್ಕಿಂತ ಹೆಚ್ಚು ಭಾರವಾಗಿವೆಯೆಂಬ ಸಂಗತಿಯು ಮಾತ್ರ 1968ನೆಯ ಇಸವಿಯವರೆಗೆ ಯಾರಿಗೂ ತಿಳಿದಿರಲಿಲ್ಲ. ಅದನ್ನು ಕಂಡುಹಿಡಿದವರು ಚಂದ್ರನ ನೆಲವನ್ನು ಅಗೆದು ನೋಡಲಿಲ್ಲ. ತಕ್ಕಡಿಯನ್ನು ಹಿಡಿಯಲೂ ಇಲ್ಲ. ಚಂದ್ರನ ಸುತ್ತ ತಿರುಗುತ್ತಿದ್ದ ಒಂದು ಯಂತ್ರದ ರೇಡಿಯೋ ಧ್ವನಿಯಲ್ಲಿ ಆಗುತ್ತಿದ್ದ ಅತಿ ಸೂಕ್ಷ್ಮವಾದ ಏರಿಳಿತವನ್ನು ಕುಳಿತು ಎಣಿಸಿದರು. ಆ ವೃತ್ತಾಂತವೇ ಈ ಲೇಖನದ ವಿಷಯವು.

ಗ್ರಹಗಳು ಲೆಕ್ಕಕ್ಕೆ ಸಿಕ್ಕ ಸ್ಥಾನದಿಂದ ಆಚೀಚೆ ಸರಿಯುವುದು ಜ್ಯೋತಿಷಿಗಳಿಗೆ ಹೊಸದಲ್ಲ. ಸೂರ್ಯಸಿದ್ಧಾಂತದ ಸ್ಪಷ್ಟಾಧಿಕಾರದಲ್ಲಿ ಇದಕ್ಕೆ ಕಾರಣವನ್ನು ಹೇಳಿದೆ. ಶೀಘ್ರೋಚ್ಚ, ಮಂದೋಚ್ಚ, ಪಾತ ಎಂಬ ಅದೃಶ್ಯರೂಪವಾದ ಕಾಲದ ಮೂರ್ತಿಗಳು ವಾಯುಮಯವಾದ ಹಗ್ಗಗಳಿಂದ ಗ್ರಹಗಳನ್ನು ತಮ್ಮ ಕಡೆಗೆ ಎಳೆಯುವುವೆಂದು ಆ ಗ್ರಂಥದ ಅಭಿಪ್ರಾಯ. 1150ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದ ಭಾಸ್ಕರಾಚಾರ್ಯರು ಭೂಮಿಗೆ ಆಕರ್ಷಣಶಕ್ತಿಯುಂಟೆಂದೂ ಆಕಾಶದಲ್ಲಿರುವ ಗುರುವಸ್ತುವನ್ನು ಅದು ತನ್ನ ಕಡೆಗೆ ಸೆಳೆಯುವುದೆಂದೂ ಹೇಳಿರುವರು. ಇವುಗಳನ್ನು ಎತ್ತಿಕೊಂಡು ಈಗಿನ ಶಾಸ್ತ್ರವೆಲ್ಲವೂ ಅಂದೇ ಸಿದ್ಧವಾಗಿತ್ತೆಂದು ಹೆಮ್ಮೆಪಡುವುದು ಯುಕ್ತವಲ್ಲ. ಎಷ್ಟು ದೂರದಲ್ಲಿ ಎಷ್ಟು ಸೆಳೆತವೆಂಬ ಪ್ರಮಾಣವು ಅವುಗಳಲ್ಲಿಲ್ಲ, ಪ್ರಮಾಣವಿಲ್ಲದೆ ಗಣಿತವಿಲ್ಲ. ಆ ಪ್ರಮಾಣವನ್ನು 1687ರಲ್ಲಿ ನ್ಯೂಟನ್ನನು ಕೊಟ್ಟನು. ಆದರೆ ಒಂದು ವಿಚಾರಕ್ರಮವು ಎರಡೂ ಕಡೆಗೆ ಸಮಾನವಾಗಿದೆ: ಚಲಿಸುವ ವಸ್ತುವು ಲೆಕ್ಕದ ದಾರಿಯನ್ನು ಬಿಟ್ಟು ಸರಿದರೆ, ಕಣ್ಣಿಗೆ ಕಾಣದ ಯಾವುದೋ ಒಂದು ಅದನ್ನು ಎಳೆಯುತ್ತಿರಬೇಕೆಂದು ಹುಡುಕತಕ್ಕದ್ದು. ಯುರೇನಸ್ ಗ್ರಹದ ಗತಿಯಲ್ಲಿ ಕಂಡ ತಪ್ಪನ್ನು ಹಿಡಿದು ಫ್ರಾನ್ಸಿನ ಲವೆರ್ಯೆ ಗಣಿತಮಾಡಿ ಹೇಳಿದ ಕಡೆಯಲ್ಲಿಯೇ, 1846ರ ಸೆಪ್ಟೆಂಬರಿನಲ್ಲಿ ಬರ್ಲಿನ್ನಿನ ಗಾಲೆಯು ನೆಪ್ಚೂನ್ ಗ್ರಹವನ್ನು ಕಂಡನು. ಅಲ್ಲಿ ತಪ್ಪೇ ದಾರಿ ತೋರಿಸಿತು.

ಈಗ ಒಂದು ಗೋಲದ ಸುತ್ತ ಸಣ್ಣ ನೌಕೆಯೊಂದು ತಿರುಗುತ್ತಿದೆಯೆಂದು ಭಾವಿಸೋಣ. ಗೋಲವು ಎಲ್ಲ ಕಡೆಯೂ ಸಮವಾಗಿದ್ದರೆ ಅದರ ಸೆಳೆತವೆಲ್ಲವೂ ಕೇಂದ್ರಬಿಂದುವೊಂದರಿಂದಲೇ ಬಂದಂತೆ ನಡೆಯುವುದೆಂದು ನ್ಯೂಟನ್ನನು ಸಾಧಿಸಿರುವನು. ಆಗ ನೌಕೆಯ ಕಕ್ಷೆಯು ಬದಲಾಗದ ಒಂದು ದೀರ್ಘವೃತ್ತವಾಗುವುದು. ಆದರೆ ಗೋಲದ ಒಂದು ಭಾಗದಲ್ಲಿ ಭಾರವಾದ ಬಂಡೆಯು ಹುದುಗಿದ್ದರೆ, ನೌಕೆಯು ಅದನ್ನು ಸಮೀಪಿಸುವಾಗ ಸ್ವಲ್ಪ ಮುಂದಕ್ಕೂ ಸ್ವಲ್ಪ ಕೆಳಕ್ಕೂ ಸೆಳೆಯಲ್ಪಡುವುದು; ಅದನ್ನು ದಾಟಿದ ಮೇಲೆ ಅದೇ ಬಂಡೆಯು ಹಿಂದಿನಿಂದ ಹಿಡಿದೆಳೆದು ವೇಗವನ್ನು ತಗ್ಗಿಸುವುದು. ಹಗುರವಾದ ಭಾಗದ ಮೇಲೆ ಇದಕ್ಕೆ ವಿಪರೀತ. ಆದ್ದರಿಂದ ನೌಕೆಯ ವೇಗವನ್ನು ಗಳಿಗೆ ಗಳಿಗೆಗೂ ತಿಳಿಯುವ ಉಪಾಯವಿದ್ದರೆ, ನೆಲದ ಕೆಳಗೆ ಎಲ್ಲಿ ಭಾರ, ಎಲ್ಲಿ ಹಗುರ ಎಂಬುದನ್ನು ಬರೆಯಬಹುದು. ನೌಕೆಯೇ ತಕ್ಕಡಿ, ಅದರ ವೇಗವೇ ಮುಳ್ಳು.

ವೇಗವನ್ನು ತಿಳಿಯುವ ಉಪಾಯವು 1842ರಲ್ಲಿ ದೊರೆಯಿತು. ಧ್ವನಿಯನ್ನು ಹೊರಡಿಸುವ ವಸ್ತುವು ಸಮೀಪಿಸುತ್ತಿದ್ದರೆ ಸ್ವರವು ಏರುವುದು, ದೂರ ಸರಿಯುತ್ತಿದ್ದರೆ ಇಳಿಯುವುದು ಎಂಬ ತತ್ತ್ವವನ್ನು ಆ ವರ್ಷ ಪ್ರಾಗ್ ಪಟ್ಟಣದಲ್ಲಿ ಡಾಪ್ಲರನು ಪ್ರತಿಪಾದಿಸಿದನು. ನಿಲ್ಲದೆ ಹೋಗುವ ರೈಲಿನ ಸಿಳ್ಳು ನಿಲ್ದಾಣವನ್ನು ದಾಟಿದೊಡನೆ ತಗ್ಗುವುದನ್ನು ಎಲ್ಲರೂ ಕೇಳಿರುವರು. 1845ರಲ್ಲಿ ಬೈಸ್ ಬಾಲಟ್ ಎಂಬ ಡಚ್ ಪಂಡಿತನು ರೈಲುಬಂಡಿಯಲ್ಲಿ ಕಹಳೆಗಾರರನ್ನು ಕೂರಿಸಿ, ಸ್ವರಜ್ಞಾನವುಳ್ಳವರನ್ನು ದಾರಿಯ ಬದಿಯಲ್ಲಿ ನಿಲ್ಲಿಸಿ ಇದನ್ನು ಪರೀಕ್ಷಿಸಿದನು. ರೇಡಿಯೋ ತರಂಗಗಳಿಗೂ ಈ ನಿಯಮವು ಅನ್ವಯಿಸುವುದು.

ಪ್ರಯೋಗದ ಕ್ರಮವು ಹೀಗಿದೆ. ಭೂಮಿಯ ಮೇಲಿನ ಕೇಂದ್ರವು ನಿಯತವಾದ ಕಂಪನಸಂಖ್ಯೆಯುಳ್ಳ ತರಂಗವನ್ನು ನೌಕೆಗೆ ಕಳುಹಿಸುವುದು. ನೌಕೆಯಲ್ಲಿರುವ ಯಂತ್ರವು ಅದನ್ನು ಗ್ರಹಿಸಿ, ಗೊತ್ತಾದ ಒಂದು ಗುಣಕದಿಂದ ಮಾರ್ಪಡಿಸಿ, ಹಿಂದಕ್ಕೆ ಕಳುಹಿಸುವುದು. ಹೋದುದನ್ನೂ ಬಂದುದನ್ನೂ ಹೋಲಿಸಿದರೆ ನೌಕೆಯು ದೃಷ್ಟಿರೇಖೆಯಲ್ಲಿ ಎಷ್ಟು ವೇಗದಿಂದ ಬರುತ್ತಿದೆ ಅಥವಾ ಹೋಗುತ್ತಿದೆ ಎಂಬುದು ತಿಳಿಯುವುದು. ಈ ಕೆಲಸಕ್ಕೆ ಬಳಸಿದ ತರಂಗಗಳು ಸೆಕೆಂಡಿಗೆ ಸುಮಾರು 230 ಕೋಟಿ ಸಾರಿ ಕಂಪಿಸುವುವು. ಒಂದು ತರಂಗದ ಉದ್ದವು ಸುಮಾರು 13 ಸೆಂಟಿಮೀಟರು. ನೌಕೆಯ ವೇಗವು ಸೆಕೆಂಡಿಗೆ ಒಂದು ಮಿಲಿಮೀಟರಿನಷ್ಟು ವ್ಯತ್ಯಾಸವಾದರೆ, ಹೋಗಿಬರುವ ತರಂಗವನ್ನು ಒಂದು ನಿಮಿಷ ಎಣಿಸುವಲ್ಲಿ ಹೆಚ್ಚುಕಡಿಮೆ ಒಂದೇ ಒಂದು ಕಂಪನದ ಅಂತರವು ಬೀಳುವುದು. ಸಾವಿರಾರು ಕೋಟಿ ಕಂಪನಗಳಲ್ಲಿ ಒಂದನ್ನು ತಪ್ಪದೆ ಎಣಿಸುವುದೇ ಈ ವಿದ್ಯೆಯ ಜೀವಾಳವು.

1957ರ ಅಕ್ಟೋಬರ್ 4ರಂದು ರಷ್ಯದವರು ಸ್ಪುಟ್ನಿಕ್ಕನ್ನು ಹಾರಿಸಿದಾಗ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿದ್ದ ಗೈಯರ್ ಮತ್ತು ವೈಫೆನ್‌ಬಾಕ್ ಎಂಬ ಇಬ್ಬರು ತರುಣರು ಅದರ ಧ್ವನಿಯ ಏರಿಳಿತದಿಂದಲೇ ಅದರ ಕಕ್ಷೆಯನ್ನು ಗಣಿಸಿದರು. 1958ರ ಮಾರ್ಚಿನಲ್ಲಿ ಹಾರಿದ ವ್ಯಾನ್‌ಗಾರ್ಡ್ ಎಂಬ ಪುಟ್ಟ ಉಪಗ್ರಹದ ಗತಿಯಿಂದ, ಭೂಮಿಯು ಧ್ರುವಗಳಲ್ಲಿ ಚಪ್ಪಟೆಯಾಗಿರುವುದು ಮಾತ್ರವಲ್ಲದೆ ಅತ್ಯಲ್ಪವಾಗಿ ಪೇರುಹಣ್ಣಿನ ಆಕಾರವನ್ನು ಹೋಲುವುದೆಂದೂ ಮರುವರ್ಷವೇ ತಿಳಿಯಿತು. 1966ರ ಏಪ್ರಿಲ್ 3ರಂದು ರಷ್ಯದ ಲೂನಾ 10 ಎಂಬ ನೌಕೆಯು ಚಂದ್ರನ ಉಪಗ್ರಹವಾದ ಮೊದಲನೆಯ ಯಂತ್ರವೆನಿಸಿತು. ಅದರ ಗತಿಯನ್ನು ಶೋಧಿಸಿದ ಅಕೀಮ್ ಎಂಬವರು ಚಂದ್ರನ ಸೆಳೆತವು ಸಮಗೋಲದಂತಿಲ್ಲವೆಂದು ಆ ವರ್ಷವೇ ಪ್ರಕಟಿಸಿದರು.

ಅದೇ ಕಾಲದಲ್ಲಿ ಅಮೆರಿಕದವರು ಮನುಷ್ಯರನ್ನು ಚಂದ್ರನ ಮೇಲೆ ಇಳಿಸುವ ಅಪೊಲೊ ಕಾರ್ಯವನ್ನು ಕೈಕೊಂಡಿದ್ದರು. ಇಳಿಯತಕ್ಕ ಸ್ಥಳವನ್ನು ಆರಿಸುವುದಕ್ಕಾಗಿ 1966ರ ಆಗಸ್ಟಿನಿಂದ 1967ರ ಆಗಸ್ಟಿನವರೆಗೆ ಲೂನಾರ್ ಆರ್ಬಿಟರ್ ಎಂಬ ಐದು ನೌಕೆಗಳನ್ನು ಕಳುಹಿಸಿದರು. ಛಾಯಾಚಿತ್ರಗಳನ್ನು ತೆಗೆಯುವುದು ಅವುಗಳ ಮುಖ್ಯ ಕರ್ತವ್ಯ. ಐದೂ ಸಫಲವಾದುವು, ಆದರೆ ಒಂದು ತೊಡಕು ಕಾಣಿಸಿಕೊಂಡಿತು. ನೌಕೆಯು ಇಂಥ ಹೊತ್ತಿಗೆ ಇಂಥಲ್ಲಿ ಇರಬೇಕೆಂದು ಮುಂದಾಗಿ ಗಣಿಸಿದರೆ ಅದು ಅಲ್ಲಿಂದ ಎರಡು ಕಿಲೋಮೀಟರುಗಳಷ್ಟು ತಪ್ಪಿರುತ್ತಿದ್ದಿತು. ಅಪೊಲೊ ಕಾರ್ಯಕ್ಕೆ ಸಹಿಸಬಹುದಾಗಿದ್ದ ತಪ್ಪು 200 ಮೀಟರುಗಳು ಮಾತ್ರ. ಹತ್ತುಮಡಿ ತಪ್ಪಿದ ಲೆಕ್ಕವನ್ನು ನಂಬಿ ಮನುಷ್ಯರನ್ನು ಬೆಟ್ಟಗುಂಡಿಗಳ ನಡುವೆ ಇಳಿಸುವುದು ಹೇಗೆ? ಇದು ಪಂಡಿತರ ವಿನೋದದ ಪ್ರಶ್ನೆಯಾಗಿರಲಿಲ್ಲ, ಪ್ರಾಣದ ಪ್ರಶ್ನೆಯಾಗಿದ್ದಿತು.

ಕ್ಯಾಲಿಫೋರ್ನಿಯದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿದ್ದ ಪಾಲ್ ಮುಲ್ಲರ್ ಮತ್ತು ವಿಲಿಯಂ ಶೋಗ್ರೆನ್ ಎಂಬಿಬ್ಬರು ಈ ತಪ್ಪಿನ ಬೆನ್ನುಹತ್ತಿದರು. ಐದನೆಯ ಲೂನಾರ್ ಆರ್ಬಿಟರು ಧ್ರುವದಿಂದ ಧ್ರುವಕ್ಕೆ ಸುತ್ತುತ್ತಿದ್ದುದರಿಂದ, ಚಂದ್ರನು ಅದರ ಕೆಳಗೆ ನಿಧಾನವಾಗಿ ಹೊರಳಿದಂತೆಲ್ಲ ಈಚೆಯ ಮುಖವೆಲ್ಲವೂ ಅದರ ದಾರಿಗೆ ಸಿಕ್ಕುತ್ತಿದ್ದಿತು. ಅದರ ಕ್ರಮಾಗತವಾದ 80 ಪ್ರದಕ್ಷಿಣೆಗಳ ರೇಡಿಯೋ ಲೆಕ್ಕವನ್ನು ಅವರು ತೆಗೆದುಕೊಂಡರು. ಭೂಮಿಯ ತಿರುಗುವಿಕೆ, ಚಂದ್ರನ ಗತಿ, ಸಮಗೋಲವಾದ ಚಂದ್ರನ ಸೆಳೆತ ಮುಂತಾಗಿ ತಿಳಿದಿದ್ದ ಕಾರಣಗಳಿಂದ ಬರಬೇಕಾದ ವೇಗವನ್ನು ಗಣಿಸಿ ಕಳೆದರು. ಉಳಿದುದು ಶೇಷ. ಸಾಮಾನ್ಯವಾಗಿ ಗಣಿತಜ್ಞನು ಶೇಷವನ್ನು ಯಂತ್ರದ ದೋಷವೆಂದು ತಳ್ಳಿಬಿಡುವನು. ಇವರು ಅದನ್ನು ತಳ್ಳಲಿಲ್ಲ. ಶೇಷವು ಎಷ್ಟು ಬೇಗ ಹೆಚ್ಚುತ್ತದೆ, ಎಷ್ಟು ಬೇಗ ಕುಗ್ಗುತ್ತದೆ ಎಂಬುದನ್ನು ನೋಡಿ, ಆಯಾ ಕ್ಷಣದಲ್ಲಿ ನೌಕೆಯು ಯಾವ ನೆಲದ ಮೇಲಿದ್ದಿತೋ ಆ ಸ್ಥಳದಲ್ಲಿ ಅಂಕೆಗಳನ್ನು ಬರೆದು ನಕ್ಷೆಯನ್ನು ಮಾಡಿದರು. ಒಂದು ಪ್ರದಕ್ಷಿಣೆಯಲ್ಲಿ ಕಂಡ ಏರಿಳಿತವು ಪಕ್ಕದ ಪ್ರದಕ್ಷಿಣೆಯಲ್ಲಿಯೂ ಅದೇ ಸ್ಥಳದಲ್ಲಿ ಕಂಡಿತು. ಯಂತ್ರದೋಷಕ್ಕೆ ಸ್ಥಳದ ನೆನಪಿರುವುದಿಲ್ಲವಷ್ಟೆ.

ಬರೆದು ಮುಗಿಸಿದ ನಕ್ಷೆಯನ್ನು ಚಂದ್ರನ ಚಿತ್ರದೊಡನೆ ಹೋಲಿಸಿದಾಗ ಅತಿಶಯವಾದ ಸಂಗತಿಯು ಹೊರಬಿದ್ದಿತು. ಹೆಚ್ಚಿನ ಸೆಳೆತವಿದ್ದ ಸ್ಥಳಗಳು ಬೆಟ್ಟಗಳಲ್ಲ. ದುಂಡಗೆ ಪರ್ವತಗಳಿಂದ ಸುತ್ತುವರಿಯಲ್ಪಟ್ಟ ತಗ್ಗಾದ ಕಪ್ಪು ಬಯಲುಗಳು. ಇಂಬ್ರಿಯಂ, ಸೆರೆನಿಟಾಟಿಸ್, ಕ್ರೈಸಿಯಂ, ನೆಕ್ಟಾರಿಸ್, ಹ್ಯುಮೋರಂ ಎಂಬ ಐದು ಸಮುದ್ರಗಳ ನಡುವೆ ಒಂದೊಂದು ಭಾರದ ಗುಂಪು ಸ್ಪಷ್ಟವಾಗಿ ನಿಂತಿದ್ದಿತು. ತಗ್ಗಿನಲ್ಲಿ ದ್ರವ್ಯವು ಕಡಮೆಯಿದ್ದು ಸೆಳೆತವೂ ಕಡಮೆಯಿರಬೇಕೆಂಬುದು ಸಾಮಾನ್ಯವಾದ ಊಹೆ. ಇಲ್ಲಿ ಅದು ತಲೆಕೆಳಗಾಯಿತು. ಈ ದ್ರವ್ಯಪುಂಜಗಳಿಗೆ ಅವರು ಮ್ಯಾಸ್ಕಾನ್ ಎಂದು ಹೆಸರಿಟ್ಟು, 1968ರ ಆಗಸ್ಟ್ 16ರ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೊಲದ ಗುರುತಿಗೆ ತೂಕವುಂಟೆಂಬುದು ಹೀಗೆ ಗೊತ್ತಾಯಿತು.

ಮುಂದಿನ ವರ್ಷವೇ ಈ ಜ್ಞಾನಕ್ಕೆ ಪರೀಕ್ಷೆಯು ಒದಗಿತು. 1969ರ ಜುಲೈ 20ರಂದು ಅಪೊಲೊ 11ರ ನೌಕೆಯು ಗೊತ್ತುಮಾಡಿದ್ದ ಸ್ಥಳಕ್ಕಿಂತ ಸುಮಾರು ಆರು ಕಿಲೋಮೀಟರು ಮುಂದೆ ಹೋಗಿ ಇಳಿಯಿತು. ಎರಡು ನೌಕೆಗಳು ಬೇರ್ಪಡುವಾಗ ನಡುವಣ ಸುರಂಗದಲ್ಲಿ ಉಳಿದಿದ್ದ ಗಾಳಿಯು ಕೊಟ್ಟ ಸಣ್ಣ ನೂಕು ಅದಕ್ಕೆ ಒಂದು ಕಾರಣವಾದರೆ, ಚಂದ್ರನ ಅಸಮವಾದ ಸೆಳೆತವು ಪೂರ್ತಿಯಾಗಿ ಲೆಕ್ಕಕ್ಕೆ ಸಿಕ್ಕದಿದ್ದುದು ಇನ್ನೊಂದು. ಆರ್ಮ್‌ಸ್ಟ್ರಾಂಗರು ಬಂಡೆಗಳು ತುಂಬಿದ ಹಳ್ಳವನ್ನು ಕಂಡು, ಇಂಧನವು ಮುಗಿಯುತ್ತಿರುವಾಗ ನೌಕೆಯನ್ನು ಕೈಯಿಂದಲೇ ನಡೆಸಿ ಅದನ್ನು ದಾಟಿಸಿದ ವಿಷಯವು ಲೋಕಪ್ರಸಿದ್ಧವಾಗಿದೆ. ನಾಲ್ಕು ತಿಂಗಳ ಮೇಲೆ ಅಪೊಲೊ 12 ಹೊರಟಾಗ ಗಣಕರು ಬೇರೊಂದು ಉಪಾಯವನ್ನು ಹೂಡಿದರು. ಚಂದ್ರನ ಸೆಳೆತವೆಲ್ಲವನ್ನೂ ತಿಳಿದು ಮುಗಿಸುವುದಕ್ಕೆ ಅವಕಾಶವಿರಲಿಲ್ಲ. ಆದುದರಿಂದ ನೌಕೆಯು ಚಂದ್ರನ ಅಂಚಿನಿಂದ ಈಚೆಗೆ ಬಂದೊಡನೆ, ಬರಬೇಕಾದ ಸ್ವರಕ್ಕೂ ಬಂದ ಸ್ವರಕ್ಕೂ ಇರುವ ಅಂತರವನ್ನು ಅಳೆದು, ನೌಕೆಯು ತಪ್ಪಿದೆಯೆಂದು ಹೇಳುವ ಬದಲು ಇಳಿಯುವ ಸ್ಥಳವೇ ಅಷ್ಟು ಸರಿದಿದೆಯೆಂದು ಯಂತ್ರಕ್ಕೆ ಒಂದೇ ಸಂಖ್ಯೆಯಲ್ಲಿ ತಿಳಿಸಿದರು. ಆ ಸಂಖ್ಯೆಯು 4,200 ಅಡಿ. 1969ರ ನವೆಂಬರ್ 19ರಂದು ಆ ನೌಕೆಯು, ಎರಡೂವರೆ ವರ್ಷಗಳ ಹಿಂದೆ ಇಳಿದು ನಿಂತಿದ್ದ ಸರ್ವೇಯರ್ 3 ಎಂಬ ಯಂತ್ರಕ್ಕೆ ಇನ್ನೂರು ಮೀಟರುಗಳಿಗಿಂತಲೂ ಸಮೀಪದಲ್ಲಿ ಇಳಿಯಿತು. ಯಾತ್ರಿಕರು ನಡೆದುಹೋಗಿ ಅದನ್ನು ಮುಟ್ಟಿ ಬಂದರು.

ದ್ರವ್ಯಪುಂಜಗಳ ಪ್ರಭಾವವು ಎಷ್ಟೆಂಬುದಕ್ಕೆ ಇನ್ನೆರಡು ಸಣ್ಣ ಉಪಗ್ರಹಗಳ ಕಥೆಯು ಸಾಕ್ಷಿಯಾಗಿದೆ. 1971ರ ಆಗಸ್ಟಿನಲ್ಲಿ ಅಪೊಲೊ 15ರವರು ಬಿಟ್ಟುಬಂದ ಉಪಗ್ರಹವು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಕೆಲಸಮಾಡಿತು. 1972ರ ಏಪ್ರಿಲ್ 24ರಂದು ಅಪೊಲೊ 16ರವರು ಅಂಥದೇ ಇನ್ನೊಂದನ್ನು ಬಿಟ್ಟರು. ತಾಯಿನೌಕೆಯ ಎಂಜಿನ್ನಿನ ತೊಂದರೆಯಿಂದಾಗಿ, ಮೊದಲು ಉದ್ದೇಶಿಸಿದ್ದಂತೆ ಕಕ್ಷೆಯನ್ನು ತಿದ್ದಿ ಬಿಡಲು ಆಗಲಿಲ್ಲ. ಕಕ್ಷೆಯು ದಿನದಿನಕ್ಕೂ ಆಕಾರಗೆಟ್ಟು, 35 ದಿನಗಳಲ್ಲಿ ಆ ಉಪಗ್ರಹವು ಚಂದ್ರನ ನೆಲಕ್ಕೆ ಬಡಿದು ನಾಶವಾಯಿತು. ಚಂದ್ರನಲ್ಲಿ ತಡೆಯುವ ಗಾಳಿಯಿಲ್ಲ. ಅದನ್ನು ಕೆಡವಿದುದು ನೆಲದ ಕೆಳಗಣ ಭಾರವೇ. ಚಂದ್ರನ ಹತ್ತಿರ ಬಹುಕಾಲ ಕೆಡದೆ ನಿಲ್ಲುವ ಕಕ್ಷೆಗಳು ಕೆಲವು ಓರೆಗಳಲ್ಲಿ ಮಾತ್ರ ದೊರೆಯುವುವೆಂದು ತರುವಾಯದ ಗಣಿತದಿಂದ ತಿಳಿದುಬಂದಿದೆ. ಅವುಗಳಲ್ಲೊಂದು 27 ಅಂಶದ ಓರೆ. ಮೊದಲನೆಯ ಉಪಗ್ರಹದ ಓರೆಯು 28 ಅಂಶವಾಗಿದ್ದುದೇ ಅದರ ದೀರ್ಘಾಯುಷ್ಯಕ್ಕೆ ಕಾರಣವಾಯಿತು.

ತಗ್ಗಿನಲ್ಲಿ ಈ ಭಾರವು ಎಲ್ಲಿಂದ ಬಂದಿತೆಂಬ ವಿಷಯದಲ್ಲಿ ಬಲವಾದ ವಾದವು ಎದ್ದಿತು. ರಸಾಯನಶಾಸ್ತ್ರದಲ್ಲಿ ನೊಬೆಲ್ ಬಹುಮಾನವನ್ನು ಪಡೆದಿದ್ದ ಹೆರಾಲ್ಡ್ ಯೂರಿಯವರು, ಚಂದ್ರನು ಹುಟ್ಟಿನಿಂದ ತಣ್ಣಗಿನ ಗಟ್ಟಿಯಾದ ಕಾಯವೆಂದೂ, ಬಯಲುಗಳನ್ನು ಕೊರೆದು ಬಿದ್ದ ಮಹಾಶಿಲೆಗಳೇ ಅಲ್ಲಿ ಹೂತುಕೊಂಡಿರುವುವೆಂದೂ ಅಭಿಪ್ರಾಯಪಟ್ಟರು. ಚಂದ್ರನ ಒಳಗಿನಿಂದ ಉಕ್ಕಿಬಂದ ಲಾವಾರಸವು ತಗ್ಗನ್ನು ತುಂಬಿ ಹೆಪ್ಪುಗಟ್ಟಿದುದೇ ಭಾರಕ್ಕೆ ಕಾರಣವೆಂದು ಇತರರು ಹೇಳಿದರು. ಅಪೊಲೊ 11ರ ಯಾತ್ರಿಕರು ತಂದ ಕಲ್ಲುಗಳು ಕರಗಿ ಹೆಪ್ಪಾದ ಬಸಾಲ್ಟ್ ಶಿಲೆಗಳಾಗಿದ್ದುದರಿಂದ ತಣ್ಣನೆಯ ಚಂದ್ರನ ಪಕ್ಷವು ಕುಂದಿತು. ಆದರೆ ಲಾವಾದ ಪಕ್ಷವೂ ಪೂರ್ಣವಾಗಿ ಗೆಲ್ಲಲಿಲ್ಲ. 1998ರಲ್ಲಿ ಹಾರಿದ ಲೂನಾರ್ ಪ್ರಾಸ್ಪೆಕ್ಟರ್ ಎಂಬ ನೌಕೆಯು, ಲಾವಾ ತುಂಬದ ಕೆಲವು ತಗ್ಗುಗಳಲ್ಲಿಯೂ ದ್ರವ್ಯಪುಂಜಗಳನ್ನು ತೋರಿಸಿತು. ಲಾವಾವೇ ಇಲ್ಲದ ಕಡೆ ಲಾವಾದ ಭಾರವನ್ನು ಹೇಳುವುದು ಹೇಗೆ?

ಇನ್ನೊಂದು ಕೊರತೆಯೂ ಇದ್ದಿತು. ಚಂದ್ರನು ಯಾವಾಗಲೂ ಒಂದೇ ಮುಖವನ್ನು ಭೂಮಿಗೆ ತೋರಿಸುವನಷ್ಟೆ. ನೌಕೆಯು ಆಚೆಯ ಮುಖದ ಮೇಲೆ ಹೋದಾಗ ಅದರ ಧ್ವನಿಯು ಭೂಮಿಗೆ ಕೇಳಿಸದು. ಆದ್ದರಿಂದ ನಾಲ್ವತ್ತು ವರ್ಷಗಳ ಕಾಲ ನಕ್ಷೆಯ ಅರ್ಧಭಾಗವು ಊಹೆಯಿಂದ ತುಂಬಿದುದಾಗಿದ್ದಿತು. 2007ರ ಸೆಪ್ಟೆಂಬರಿನಲ್ಲಿ ಜಪಾನಿನವರು ಕಳುಹಿಸಿದ ಕಾಗುಯಾ ಎಂಬ ನೌಕೆಯೊಡನೆ ಓಕಿನಾ ಎಂಬ ಸಣ್ಣ ಉಪಗ್ರಹವೂ ಹೋಯಿತು. ಕಾಗುಯಾವು ಚಂದ್ರನ ಮರೆಗೆ ಸರಿದಾಗ ಅದರ ಧ್ವನಿಯನ್ನು ಓಕಿನಾವು ಕೇಳಿ ಭೂಮಿಗೆ ಮುಟ್ಟಿಸುತ್ತಿದ್ದಿತು. ಆಚೆಯ ಮುಖದ ಸೆಳೆತವು ನೇರವಾಗಿ ಅಳೆಯಲ್ಪಟ್ಟುದು ಆಗಲೇ.

ಅದರ ಮೇಲೆ 2011ರ ಸೆಪ್ಟೆಂಬರ್ 10ರಂದು ಅಮೆರಿಕದಿಂದ ಗ್ರೇಲ್ ಎಂಬ ಅವಳಿನೌಕೆಗಳು ಹೊರಟವು. ಮೊಂಟಾನಾ ಪ್ರಾಂತದ ಪ್ರಾಥಮಿಕ ಶಾಲೆಯೊಂದರ ಮಕ್ಕಳು ಅವುಗಳಿಗೆ ಇಳಿತ ಮತ್ತು ಭರತ ಎಂಬರ್ಥದ ಎಬ್, ಫ್ಲೋ ಎಂಬ ಹೆಸರುಗಳನ್ನಿಟ್ಟರು. ಇಲ್ಲಿ ಮುಖ್ಯವಾದ ಅಳತೆಯು ಭೂಮಿಯಿಂದಲ್ಲ. ಒಂದರ ಹಿಂದೆ ಒಂದರಂತೆ ಸುತ್ತುತ್ತ, ಎರಡು ನೌಕೆಗಳೂ ತಮ್ಮತಮ್ಮೊಳಗೆ ರೇಡಿಯೋ ತರಂಗಗಳನ್ನು ಕಳುಹಿಸಿ, ನಡುವಣ ಅಂತರವು ಹೆಚ್ಚುವುದನ್ನೂ ಕುಗ್ಗುವುದನ್ನೂ ಅಳೆಯುತ್ತಿದ್ದುವು. ಮುಂದಿನದು ಭಾರವಾದ ನೆಲವನ್ನು ಮೊದಲು ಸಮೀಪಿಸಿ ಮುಂದೋಡುವುದು. ಸ್ವಲ್ಪ ಹೊತ್ತಿಗೆ ಹಿಂದಿನದೂ ಹಾಗೆಯೇ ಮಾಡುವುದು. 2012ರ ಮಾರ್ಚಿಯಿಂದ ಮೇವರೆಗೆ ಸರಾಸರಿ 55 ಕಿಲೋಮೀಟರು ಎತ್ತರದಲ್ಲಿಯೂ, ವರ್ಷದ ಕೊನೆಯ ತಿಂಗಳುಗಳಲ್ಲಿ ಅದಕ್ಕಿಂತ ಅರ್ಧದಷ್ಟು ಎತ್ತರದಲ್ಲಿಯೂ ಸಂಚರಿಸಿ, ಇಂಧನವು ತೀರುತ್ತ ಬಂದಾಗ ಡಿಸೆಂಬರ್ 17ರಂದು ಚಂದ್ರನ ಉತ್ತರಧ್ರುವದ ಬಳಿಯ ಬೆಟ್ಟವೊಂದಕ್ಕೆ ತಾಗಿ ಮುಗಿದುವು. ಮೇರಿಯಾ ಜುಬರ್ ಎಂಬ ವಿದುಷಿಯು ಈ ಕಾರ್ಯದ ಮುಖ್ಯಸ್ಥರಾಗಿದ್ದರು.

ಇದೇ ಬಗೆಯ ಗ್ರೇಸ್ ಎಂಬ ಅವಳಿನೌಕೆಗಳು 2002ರಿಂದ 2017ರವರೆಗೆ ಭೂಮಿಯನ್ನು ಸುತ್ತಿ ಅದರ ತೂಕದ ಬದಲಾವಣೆಯನ್ನು ಅಳೆದುವು. ರಾಜಸ್ಥಾನ, ಪಂಜಾಬ, ಹರಿಯಾಣಗಳ ನೆಲದಡಿಯಿಂದ 2002 ರಿಂದ 2008ರವರೆಗೆ ಸುಮಾರು 109 ಘನ ಕಿಲೋಮೀಟರು ನೀರು ಬರಿದಾಯಿತೆಂಬ ಆತಂಕದ ವಾರ್ತೆಯು ಆ ಅಳತೆಯಿಂದಲೇ ಹೊರಬಿದ್ದುದು. ಚಂದ್ರನನ್ನು ತೂಗುವ ವಿದ್ಯೆಯೂ ಬಾವಿಯ ನೀರನ್ನು ತೂಗುವ ವಿದ್ಯೆಯೂ ಬೇರೆಯಲ್ಲ.

ಗ್ರೇಲ್ ನೌಕೆಗಳು ತಂದ ನಕ್ಷೆಯಿಂದ ಚಂದ್ರನ ತೊಗಟೆಯು 34ರಿಂದ 43 ಕಿಲೋಮೀಟರುಗಳಷ್ಟು ದಪ್ಪವಾಗಿ, ಹಿಂದೆ ಎಣಿಸಿದ್ದುದಕ್ಕಿಂತ ತೆಳುವಾಗಿರುವುದೆಂದೂ, ಶಿಲಾಘಾತಗಳಿಂದ ಬಿರಿದು ಸರಾಸರಿ ನೂರಕ್ಕೆ ಹನ್ನೆರಡು ಪಾಲು ಪೊಳ್ಳಾಗಿರುವುದೆಂದೂ ತಿಳಿಯಿತು. ದ್ರವ್ಯಪುಂಜದ ವಾದಕ್ಕೂ 2013ರಲ್ಲಿ ಸಮಾಧಾನವು ದೊರೆಯಿತು. ಮಹಾಶಿಲೆಯು ಬಡಿದಾಗ ನೆಲವು ಆಳವಾಗಿ ಕೊರೆದುಹೋಗಿ ಕೆಳಗಣ ಬಿಸಿಯಾದ ಭಾರಶಿಲೆಯು ಮೇಲಕ್ಕೆ ಬರುವುದು. ತಣಿದು ಕುಗ್ಗಿ ಗಟ್ಟಿಯಾಗುತ್ತಿರುವಂತೆ, ಸುತ್ತಲಿನ ನೆಲದೊಡನೆ ಬೆಸೆದುಕೊಂಡು ಏಳುತ್ತ, ಸಮತೂಕವನ್ನು ಮೀರಿ ನಡುವೆ ಭಾರವಾಗಿ ನಿಲ್ಲುವುದು. ಲಾವಾ ತುಂಬಿದರೆ ಆ ಭಾರವು ಇನ್ನಷ್ಟು ಹೆಚ್ಚುವುದು. ತುಂಬದಿದ್ದರೂ ಇದ್ದೇ ಇರುವುದು. ನಡುವೆ ಹೆಚ್ಚು, ಸುತ್ತಲೊಂದು ಬಳೆಯಲ್ಲಿ ಕಡಮೆ, ಅದರಾಚೆ ಮತ್ತೆ ಹೆಚ್ಚು ಎಂಬ ಸೆಳೆತದ ವಿನ್ಯಾಸಕ್ಕೆ ಈ ವಿವರಣೆಯು ಸರಿಹೊಂದುವುದು.

ಕನ್ನಡನಾಡಿಗೂ ಈ ಇತಿಹಾಸಕ್ಕೂ ಸಂಬಂಧವುಂಟು. 2008ರ ಅಕ್ಟೋಬರ್ 22ರಂದು ಹಾರಿದ ಭಾರತದ ಚಂದ್ರಯಾನ 1ರ ಧ್ವನಿಯನ್ನು ಕೇಳುವುದಕ್ಕಾಗಿ ಬೆಂಗಳೂರಿಗೆ ಸಮೀಪದ ಬ್ಯಾಲಾಳು ಗ್ರಾಮದಲ್ಲಿ 18 ಮೀಟರು ಮತ್ತು 32 ಮೀಟರು ಅಗಲದ ಎರಡು ಆಂಟೆನಾಗಳನ್ನು ಸ್ಥಾಪಿಸಲಾಯಿತು. ಮೊದಲು ನೂರು ಕಿಲೋಮೀಟರು ಎತ್ತರದಲ್ಲಿದ್ದ ನೌಕೆಯನ್ನು 2009ರ ಮೇ ತಿಂಗಳಲ್ಲಿ ಇನ್ನೂರಕ್ಕೆ ಏರಿಸಿದರು. ಆಗಸ್ಟ್ 29ರಂದು ಅದರ ಧ್ವನಿಯು ಹಠಾತ್ತಾಗಿ ನಿಂತುಹೋಯಿತು. ಒಂದೂವರೆ ಮೀಟರು ಅಳತೆಯ ಪೆಟ್ಟಿಗೆಯಂಥ ಆ ನೌಕೆಯು ಚಂದ್ರನ ಅಸಮವಾದ ಸೆಳೆತಕ್ಕೆ ಸಿಕ್ಕಿ, ಏಳು ವರ್ಷಗಳ ಮೇಲೆ ಎಲ್ಲಿರುವುದೆಂದು, ಇರುವುದೋ ಬಿದ್ದುಹೋಯಿತೋ ಎಂದು ಹೇಳುವುದು ಸುಲಭವಾಗಿರಲಿಲ್ಲ. 2016ರ ಜುಲೈ 2ರಂದು ಕ್ಯಾಲಿಫೋರ್ನಿಯದ ಗೋಲ್ಡ್‌ಸ್ಟೋನಿನ 70 ಮೀಟರು ಆಂಟೆನಾದಿಂದ ಚಂದ್ರನ ಉತ್ತರಧ್ರುವದ ಮೇಲೆ ರೇಡಾರ್ ತರಂಗಗಳನ್ನು ಬಿಟ್ಟು, ಮರುದನಿಯನ್ನು ಗ್ರೀನ್ ಬ್ಯಾಂಕಿನ ನೂರು ಮೀಟರು ದೂರದರ್ಶಕದಿಂದ ಆಲಿಸಿದರು. ಅಪೇಕ್ಷಿಸಿದ್ದ ಓರೆಯ ಕಕ್ಷೆಯಲ್ಲಿಯೇ ಸಣ್ಣ ವಸ್ತುವೊಂದು ದಾಟಿಹೋಗುವುದು ಕಂಡಿತು. ಹಳೆಯ ಲೆಕ್ಕದ ಸ್ಥಾನದಿಂದ ಅದು ಪ್ರದಕ್ಷಿಣೆಯ ಅರ್ಧದಷ್ಟು ಸರಿದಿದ್ದಿತಾದರೂ ಕಕ್ಷೆಯು ಅದೇ ಆಗಿದ್ದಿತು. ಕಳೆದುಹೋಗಿದ್ದ ಚಂದ್ರಯಾನವು ಸಿಕ್ಕಿದ ಸುದ್ದಿಯು 2017ರ ಮಾರ್ಚಿಯಲ್ಲಿ ಪ್ರಕಟವಾಯಿತು.

ಮೌನವಾಗಿದ್ದ ನೌಕೆಯನ್ನು ಹುಡುಕಿಕೊಟ್ಟ ಆ ಗಣಿತದ ಮೂಲವು, 1968ರಲ್ಲಿ ಇಬ್ಬರು ತಳ್ಳಿಬಿಡದೆ ಉಳಿಸಿಕೊಂಡ ಶೇಷದಲ್ಲಿದೆ. ಪಂಚಾಂಗದ ಗಣಿತಕ್ಕೂ ಆಕಾಶದ ಗ್ರಹಕ್ಕೂ ಅಂತರವು ಬಿದ್ದಾಗ ಬೀಜಸಂಸ್ಕಾರವನ್ನು ಮಾಡಬೇಕೆಂದು ಭಾರತದ ಸಿದ್ಧಾಂತಿಗಳೂ ವಿಧಿಸಿರುವರು. ಆ ಅಂತರವನ್ನು ಮುಚ್ಚಿಡದೆ ಬರೆದಿಟ್ಟು, ಅದರ ಕಾರಣವನ್ನು ವಿಚಾರಿಸುವ ಅಭ್ಯಾಸವು ಬಾಲ್ಯದಲ್ಲಿಯೇ ಬೆಳೆಯತಕ್ಕದ್ದು. ಲೆಕ್ಕದ ಹಲಗೆಯಲ್ಲಿ ಉತ್ತರವು ಹೊಂದದಿದ್ದಾಗ ಒಡನೆಯೇ ಅಳಿಸಿಬಿಡುವ ವಿದ್ಯಾರ್ಥಿಗೆ, ಎಲ್ಲಿ ತಪ್ಪಿತೆಂಬುದನ್ನು ಹುಡುಕಿ ನೋಡೆಂದು ಹೇಳಬೇಕಾದಾಗ, ಚಂದ್ರಕಲಂಕದ ಈ ವೃತ್ತಾಂತವನ್ನು ಉಪಾಧ್ಯಾಯರು ಹೇಳಬಹುದು.